ಹಾರಲು ಕಲಿಯುವವರಿಗೆ ಹಳೆಯ ವಿಮಾನವೋ ಹೊಸದೋ: ಹಣ ಕಟ್ಟುವ ಮೊದಲು ನೋಡಬೇಕಾದ್ದು

ಹಾರಾಟ ಕಲಿಸುವ ಶಾಲೆಗೆ ವಿಚಾರಿಸಲು ಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ವಿಮಾನ ಯಾವ ವರ್ಷದ್ದು?" ಕಾರು ಕೊಳ್ಳುವಾಗ ಅಂಟಿಕೊಂಡ ಅಭ್ಯಾಸ ಇದು. ಅಂಗಳದಲ್ಲಿ ಎರಡು ವಿಮಾನಗಳು ನಿಂತಿರುತ್ತವೆ. ಒಂದು 1979ರ ಎರಡು ಸೀಟಿನ ಸೆಸ್ನಾ 152. ಬಿಸಿಲಿಗೆ ಅದರ ಬಣ್ಣ ಮಾಸಿದೆ, ಸೀಟಿನ ಬಟ್ಟೆ ಸವೆದಿದೆ, ಬಾಗಿಲು ತೆರೆದರೆ ಹಳೆಯ ಎಣ್ಣೆಯ ವಾಸನೆ. ಇನ್ನೊಂದು, ನಾಲ್ಕು ವರ್ಷದ ಹಿಂದಷ್ಟೇ ಕಾರ್ಖಾನೆಯಿಂದ ಬಂದ ಬಿಳಿಯ ಫೈಬರ್ ಮೈಯ ವಿಮಾನ. ಒಳಗೆ ಎರಡು ದೊಡ್ಡ ಪರದೆಗಳು ಹೊಳೆಯುತ್ತಿವೆ. ಮನಸ್ಸು ಎರಡನೆಯದರ ಕಡೆಗೆ ತಾನಾಗಿ ವಾಲುತ್ತದೆ. ಗಂಟೆಯ ಬಾಡಿಗೆ ಎಷ್ಟೆಂದು ತಿಳಿದ ಮೇಲೆ ಮೊದಲನೆಯದರ ಕಡೆಗೆ ಮರಳುತ್ತದೆ. ಎರಡು ಸಲವೂ ನಾವು ವಿಮಾನವನ್ನು ನೋಡಿರುವುದಿಲ್ಲ. ಒಮ್ಮೆ ಬಣ್ಣ ನೋಡಿರುತ್ತೇವೆ, ಇನ್ನೊಮ್ಮೆ ಬೆಲೆ.

ನಾನು ಕಲಿತದ್ದು ನನಗಿಂತ ವಯಸ್ಸಿನಲ್ಲಿ ಹಿರಿದಾದ ವಿಮಾನದಲ್ಲಿ. ಪರವಾನಗಿ ಕೈಗೆ ಬಂದ ಮೇಲೆ ಹೊಸದರಲ್ಲೂ ಹಾರಿದ್ದೇನೆ. ಎರಡರ ಮೇಲೂ ನನಗೆ ಪ್ರೀತಿಯಿದೆ, ಎರಡರ ಮೇಲೂ ದೂರುಗಳಿವೆ. ಅನುಭವದಿಂದ ಹೇಳುವುದಾದರೆ ತಯಾರಾದ ವರ್ಷವೆನ್ನುವುದು ವಿಮಾನದ ಬಗ್ಗೆ ತಿಳಿಯಬೇಕಾದ ಸಂಗತಿಗಳ ಪಟ್ಟಿಯಲ್ಲಿ ಐದನೆಯದೋ ಆರನೆಯದೋ ಆಗಬೇಕು. ಅದಕ್ಕಿಂತ ಮೊದಲು ನೋಡಬೇಕಾದ್ದು ಇಲ್ಲಿದೆ.

ಹೆಜ್ಜೆ 1: ಯಾತಕ್ಕಾಗಿ ಕಲಿಯುತ್ತಿದ್ದೀರಿ ಎಂದು ಬರೆದಿಟ್ಟುಕೊಳ್ಳಿ

ರಜೆಯ ದಿನ ಒಬ್ಬರೋ ಇಬ್ಬರೋ ಹಾರಿ ಬರುವುದಷ್ಟೇ ಆಸೆಯಾದರೆ ಸರಳ ವಿಮಾನ ಸಾಕು. ಮುಂದೆ ಅದನ್ನೇ ವೃತ್ತಿಯಾಗಿ ಮಾಡಿಕೊಳ್ಳುವವರಿಗೆ ಪರದೆಗಳ ಅಭ್ಯಾಸ ಬೇಕೇ ಬೇಕು. ಆದರೆ ಅದು ಮೊದಲ ಪಾಠದಿಂದಲೇ ಬೇಕೆಂದೇನಿಲ್ಲ. ಅನೇಕರು ಮೊದಲ ಪರವಾನಗಿಯನ್ನು ಹಳೆಯದರಲ್ಲಿ ಪಡೆದು, ಉಪಕರಣಗಳ ಆಧಾರದ ಮೇಲೆ ಹಾರುವ ಹಂತಕ್ಕೆ ಬಂದಾಗ ಹೊಸದಕ್ಕೆ ದಾಟುತ್ತಾರೆ. ಬುದ್ಧಿವಂತಿಕೆಯ ದಾರಿ ಅದು.

ಇನ್ನೊಂದು ಸಂಗತಿಯನ್ನು ಯಾರೂ ತಾವಾಗಿ ಹೇಳುವುದಿಲ್ಲ. ಸ್ಪಿನ್ ಎಂದರೆ ವಿಮಾನ ಸುತ್ತುತ್ತ ಕೆಳಗಿಳಿಯುವ ಸ್ಥಿತಿ. ಅದನ್ನು ಬೋಧಕರ ಜೊತೆ ಒಮ್ಮೆ ಅನುಭವಿಸಿ, ಹೊರಬರುವುದನ್ನು ಕಲಿಯಬೇಕೆಂಬ ಆಸೆ ನಿಮಗಿದ್ದರೆ ಹಳೆಯ ಸೆಸ್ನಾ 152ಕ್ಕೆ ಅದರ ಅನುಮತಿಯಿದೆ. ಡೈಮಂಡ್ ಡಿ.ಎ. 40, ಸಿರಸ್ ಎಸ್.ಆರ್. 20ರಂಥ ಹೊಸ ಪೀಳಿಗೆಯ ವಿಮಾನಗಳಲ್ಲಿ ಉದ್ದೇಶಪೂರ್ವಕ ಸ್ಪಿನ್‌ಗೆ ನಿಷೇಧವಿದೆ.

ಹೆಜ್ಜೆ 2: ಎರಡು ವಯಸ್ಸುಗಳನ್ನೂ ಕೇಳಿ

ತರಬೇತಿ ಶಾಲೆಗಳಲ್ಲಿ ಇಷ್ಟೊಂದು ಹಳೆಯ ವಿಮಾನಗಳು ಏಕಿವೆ ಎಂದು ಮೊದಲು ನೋಡೋಣ. ಸೆಸ್ನಾ 150 ತಯಾರಾಗಲು ಶುರುವಾದದ್ದು 1958ರಲ್ಲಿ. 1977ರಲ್ಲಿ ಅದರ ಜಾಗಕ್ಕೆ 152 ಬಂತು, 1985ರಲ್ಲಿ ಅದೂ ನಿಂತಿತು. 1986ರಲ್ಲಿ ಸೆಸ್ನಾ ಕಂಪನಿ ಒಂದೇ ಪಿಸ್ಟನ್ ಎಂಜಿನ್ನಿನ ತನ್ನ ಸಣ್ಣ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. ಅಪಘಾತವಾದಾಗಲೆಲ್ಲ ದಶಕಗಳ ಹಿಂದಿನ ವಿಮಾನಕ್ಕೂ ತಯಾರಕರ ಮೇಲೆ ಮೊಕದ್ದಮೆ ಬೀಳುತ್ತಿತ್ತು, ವಿಮೆಯ ಹೊರೆ ಏರಿತ್ತು. 1994ರಲ್ಲಿ ಅಮೆರಿಕದ ಸಂಸತ್ತು ಆ ಹೊಣೆಗೆ 18 ವರ್ಷಗಳ ಮಿತಿ ಹಾಕಿದ ಮೇಲೆ, 1996ರಲ್ಲಿ ನಾಲ್ಕು ಸೀಟಿನ 172 ಮತ್ತೆ ತಯಾರಾಗತೊಡಗಿತು. ಎರಡು ಸೀಟಿನ 152 ಮರಳಲೇ ಇಲ್ಲ. ಹಾಗಾಗಿ ಇಂದು ನೀವು ಕಾಣುವ ಪ್ರತಿಯೊಂದು 152ಕ್ಕೂ ನಲವತ್ತು ತುಂಬಿದೆ. 172ರಲ್ಲಿ ಮಾತ್ರ 1986ಕ್ಕಿಂತ ಹಿಂದಿನದು, 1996ರ ನಂತರದ್ದು ಎಂಬ ಎರಡು ತಲೆಮಾರುಗಳಿವೆ. ನಡುವೆ ಹತ್ತು ವರ್ಷದ ಕಂದಕ.

ಇಷ್ಟಾದರೂ ಈ ವಯಸ್ಸು ಪಂಚಾಂಗದ್ದು. ವಿಮಾನಕ್ಕೆ ಇನ್ನೊಂದು ವಯಸ್ಸಿದೆ, ಹಾರಿದ ಗಂಟೆಗಳದ್ದು. ಎರಡರಿಂದ ಆಗುವ ಹಾನಿಯ ಬಗೆಯೇ ಬೇರೆ.

ವರ್ಷಗಳು ತರುವುದು ತುಕ್ಕು. ಅಲ್ಯೂಮಿನಿಯಂ ಕೆಂಪಾಗುವುದಿಲ್ಲ. ರಿವೆಟ್ಟುಗಳ ಸುತ್ತ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ, ಬಣ್ಣ ಗುಳ್ಳೆಯೇಳುತ್ತದೆ. ರಬ್ಬರ್ ಕೊಳವೆಗಳು ಗಡುಸಾಗುತ್ತವೆ, ವೈರಿನ ಹೊದಿಕೆ ಬಿರುಕು ಬಿಡುತ್ತದೆ. ಎಂಜಿನ್ ಸುಮ್ಮನೆ ಕುಳಿತರೆ ಇನ್ನೂ ಕಷ್ಟ. 152ರಲ್ಲಿರುವಂಥ ಲೈಕಮಿಂಗ್ ಕಂಪನಿಯ ಎಂಜಿನ್ನುಗಳಲ್ಲಿ ಕವಾಟಗಳನ್ನು ತೆರೆಸುವ ದಂಡವಾದ ಕ್ಯಾಮ್‌ಶಾಫ್ಟ್ ಇರುವುದು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮೇಲ್ಭಾಗದಲ್ಲಿ. ತಿಂಗಳುಗಟ್ಟಲೆ ನಿಂತಾಗ ಅದರ ಮೇಲಿನ ಎಣ್ಣೆ ಇಳಿದುಹೋಗಿ ಉಕ್ಕಿನ ಮೈ ಬರಿದಾಗುತ್ತದೆ, ತುಕ್ಕಿನ ಸಣ್ಣ ಗುಳಿಗಳು ಬೀಳುತ್ತವೆ. ಮುಂದೆ ಹಾರತೊಡಗಿದ ಮೇಲೆ ಆ ಗುಳಿಗಳೇ ಲೋಹವನ್ನು ತಿನ್ನುತ್ತವೆ. ಆದ್ದರಿಂದ "ಈ ವಿಮಾನ ಕಡಿಮೆ ಹಾರಿದೆ" ಎಂದು ಯಾರಾದರೂ ಹೊಗಳಿದರೆ ಹಿಗ್ಗಬೇಡಿ. "ಕಳೆದ ವರ್ಷ ಪ್ರತಿ ತಿಂಗಳೂ ಹಾರಿದೆಯೇ?" ಎಂದು ಕೇಳಿ.

ಗಂಟೆಗಳು ತರುವುದು ಲೋಹದ ಬಳಲಿಕೆ. ತಂತಿಯೊಂದನ್ನು ಮತ್ತೆ ಮತ್ತೆ ಬಾಗಿಸಿದರೆ ಕೊನೆಗೊಮ್ಮೆ ಮುರಿಯುವಂತೆ, ರೆಕ್ಕೆಯ ತೊಲೆಯಾದ ಸ್ಪಾರ್‌ನಲ್ಲೂ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತದೆ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಡೇಟೋನಾ ಬೀಚ್‌ನಲ್ಲಿ ತರಬೇತಿಗೆ ಬಳಸುತ್ತಿದ್ದ ಪೈಪರ್ ಆರೋ ವಿಮಾನವೊಂದರ ಎಡರೆಕ್ಕೆ ಹಾರಾಟದಲ್ಲೇ ಕಳಚಿಕೊಂಡಿತು. ಒಳಗಿದ್ದ ಇಬ್ಬರೂ ಸತ್ತರು. ಸ್ಪಾರ್‌ನ ಬೋಲ್ಟ್ ರಂಧ್ರದ ಬಳಿ ಬಳಲಿಕೆಯ ಬಿರುಕು ಬೆಳೆದಿತ್ತೆಂದು ತನಿಖೆಯಲ್ಲಿ ತಿಳಿಯಿತು. ಆ ವಿಮಾನ ತಯಾರಾದದ್ದು 2007ರಲ್ಲಿ! ಯಾವ ಶಾಲೆಯಲ್ಲಿಟ್ಟರೂ "ಹೊಸ ವಿಮಾನ" ಎನ್ನಿಸಿಕೊಳ್ಳುವ ವಯಸ್ಸು. ಆದರೆ ಹಾರಿದ್ದು 7,600 ಗಂಟೆಗೂ ಹೆಚ್ಚು, ಅದೂ ತರಬೇತಿಯ ಹಾರಾಟ, ಮತ್ತೆ ಮತ್ತೆ ಇಳಿಕೆಗಳೊಂದಿಗೆ.

ಆಮೇಲೆ ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್.ಎ.ಎ. ಪೈಪರ್ ಪಿ.ಎ. 28 ಬಳಗದ ಅನೇಕ ವಿಮಾನಗಳಿಗೆ ಆ ರಂಧ್ರಗಳ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಪರೀಕ್ಷೆ ಯಾವಾಗ ಎಂದು ನಿರ್ಧರಿಸಲು ಅದು ಕೊಟ್ಟ ಲೆಕ್ಕ ಗಮನಿಸುವಂಥದ್ದು: ಬಾಡಿಗೆಗೂ ತರಬೇತಿಗೂ ಹಾರಿದ ಗಂಟೆಗಳನ್ನು ಪೂರ್ತಿ ಎಣಿಸಬೇಕು, ಉಳಿದ ಗಂಟೆಗಳಲ್ಲಿ 17ರಲ್ಲಿ ಒಂದು ಭಾಗವನ್ನಷ್ಟೇ ಎಣಿಸಿದರೆ ಸಾಕು. ಅಂದರೆ ಕಲಿಯುವವರ ಕೈಯಲ್ಲಿ ಕಳೆದ ಒಂದು ಗಂಟೆ, ಮಾಲೀಕನೊಬ್ಬ ನಯವಾಗಿ ಹಾರಿಸಿದ ಹದಿನೇಳು ಗಂಟೆಗೆ ಸಮ. ನೆಲಕ್ಕೆ ವಿಮಾನವನ್ನು ಕುಕ್ಕರಿಸಿ ಇಳಿಸಿದ ನನ್ನ ಮೊದಲ ದಿನಗಳನ್ನು ನೆನೆದರೆ ಈ ಲೆಕ್ಕದಲ್ಲಿ ನನಗೇನೂ ಅತಿಶಯ ಕಾಣುವುದಿಲ್ಲ.

ಆದ್ದರಿಂದ ಕೇಳಬೇಕಾದ್ದು ಮೂರು ಅಂಕಿಗಳು: ತಯಾರಾದ ವರ್ಷ, ಮೈಯ ಒಟ್ಟು ಗಂಟೆ, ಅದರಲ್ಲಿ ತರಬೇತಿಯ ಪಾಲು.

ಹೆಜ್ಜೆ 3: ತೂಕದ ಲೆಕ್ಕವನ್ನು ನೀವೇ ಮಾಡಿ

ಇದಕ್ಕೆ ಕೂಡುವುದು, ಕಳೆಯುವುದು ಬಂದರೆ ಸಾಕು. ಆದರೂ ಕಲಿಯಲು ಬರುವವರು ಮಾಡದೆ ಬಿಡುವ ಲೆಕ್ಕ ಇದೇ.

ಸೆಸ್ನಾ 152ರ ಗರಿಷ್ಠ ತೂಕ 757 ಕೆ.ಜಿ. ರೇಡಿಯೊ, ಉಪಕರಣಗಳೆಲ್ಲ ಸೇರಿ ಖಾಲಿ ವಿಮಾನವೇ 520 ಕೆ.ಜಿ. ಇದೆ ಎಂದಿಟ್ಟುಕೊಳ್ಳಿ. ಉಳಿದದ್ದು 237 ಕೆ.ಜಿ. ಸಾಮಾನ್ಯ ಟ್ಯಾಂಕಿನಲ್ಲಿ ಬಳಸಬಹುದಾದ ಇಂಧನ ಸುಮಾರು 93 ಲೀಟರ್, ಲೀಟರಿಗೆ 0.72 ಕೆ.ಜಿ. ಹಿಡಿದರೆ 67 ಕೆ.ಜಿ. ಇಬ್ಬರು ಮನುಷ್ಯರಿಗೂ ಅವರ ಚೀಲಕ್ಕೂ ಸೇರಿ ಮಿಕ್ಕಿದ್ದು 170 ಕೆ.ಜಿ. ನೀವೂ ನಿಮ್ಮ ಬೋಧಕರೂ ಮೈಕಟ್ಟಿನ ಆಳುಗಳಾಗಿ ಒಟ್ಟು 190 ಕೆ.ಜಿ. ತೂಗಿದರೆ ಇಂಧನಕ್ಕೆ ಉಳಿಯುವುದು 47 ಕೆ.ಜಿ., ಅಂದರೆ 65 ಲೀಟರ್. ಗಂಟೆಗೆ 23 ಲೀಟರಿನಂತೆ ಮೂರು ಗಂಟೆಗೂ ಸ್ವಲ್ಪ ಕಡಿಮೆ. ಒಂದು ಗಂಟೆಯ ಪಾಠಕ್ಕೆ ಧಾರಾಳ, ದೂರದ ಪ್ರಯಾಣದ ಪಾಠಕ್ಕೆ ಬಿಗಿ.

ಹೊಸದಾದರೆ ಈ ಕಷ್ಟವಿರುವುದಿಲ್ಲ ಎಂದು ಭಾವಿಸುತ್ತೇವೆ. 600 ಕೆ.ಜಿ. ಮಿತಿಯ ಹಗುರ ವರ್ಗದ ಹೊಸ ವಿಮಾನವೊಂದನ್ನು ತೆಗೆದುಕೊಳ್ಳಿ. ಖಾಲಿ ತೂಕ 360 ಕೆ.ಜಿ. ಎಂದರೆ ಉಳಿದದ್ದು 240. ನೂರು ಲೀಟರ್ ಇಂಧನ ತುಂಬಿದರೆ ಮನುಷ್ಯರಿಗೆ 168 ಕೆ.ಜಿ. ಮಾತ್ರ! ಹಳೆಯ ಸೆಸ್ನಾದ ಲೆಕ್ಕಕ್ಕೂ ಇದಕ್ಕೂ ಎರಡೇ ಕೆ.ಜಿ. ವ್ಯತ್ಯಾಸ. ಹೊಸದರ ಲಾಭವಿರುವುದು ಬೇರೆಡೆ: ಅದರ ರೋಟ್ಯಾಕ್ಸ್ ಎಂಜಿನ್ ಗಂಟೆಗೆ 15ರಿಂದ 20 ಲೀಟರಿನಲ್ಲಿ ಮುಗಿಸುತ್ತದೆ. ಆದ್ದರಿಂದ ಅಷ್ಟೊಂದು ತುಂಬಿಸುವ ಅಗತ್ಯವೇ ಇಲ್ಲ. 50 ಲೀಟರಿನಲ್ಲಿ ಪಾಠ ಮುಗಿದು ಮೀಸಲೂ ಉಳಿಯುತ್ತದೆ.

ನಾಲ್ಕು ಸೀಟಿನ 172ರಲ್ಲಿ ಇಬ್ಬರೇ ಕುಳಿತರೆ ಈ ತಲೆನೋವು ಬಹುಮಟ್ಟಿಗೆ ಇಲ್ಲ. ಅದಕ್ಕೆ ತೆರುವ ದಂಡ ಹೆಚ್ಚಿನ ಇಂಧನ ಮತ್ತು ಬಾಡಿಗೆ. ಖಾಲಿ ಸೀಟುಗಳೆರಡನ್ನೂ ನಿಮ್ಮ ಖರ್ಚಿನಲ್ಲಿ ಸುತ್ತಾಡಿಸಿದಂತೆ.

ನೀವು ಹಾರಲಿರುವ ಅದೇ ವಿಮಾನದ ತೂಕಪತ್ರವನ್ನು ಕೇಳಿ ಈ ಲೆಕ್ಕ ಹಾಕಿ. ಕೈಪಿಡಿಯಲ್ಲಿ ಅಚ್ಚಾದ ಖಾಲಿ ತೂಕವನ್ನು ನಂಬಬೇಡಿ. ನಲವತ್ತು ವರ್ಷಗಳಲ್ಲಿ ಬಣ್ಣದ ಮೇಲೆ ಬಣ್ಣ, ರೇಡಿಯೊ ಮೇಲೆ ರೇಡಿಯೊ ಸೇರಿ ವಿಮಾನವೂ ನಮ್ಮಂತೆಯೇ ದಪ್ಪವಾಗಿರುತ್ತದೆ.

ಹೆಜ್ಜೆ 4: ದಾಖಲೆ ಪುಸ್ತಕಗಳ ಜೊತೆ ಅರ್ಧ ಗಂಟೆ ಕುಳಿತುಕೊಳ್ಳಿ

ಶಾಲೆಯವರಿಗೆ ಇದು ಸ್ವಲ್ಪ ಮುಜುಗರ. ವಿದ್ಯಾರ್ಥಿಗೆ ಲಾಗ್‌ಬುಕ್ ಯಾಕೆ ಎಂದು ಕೇಳಿಯಾರು. "ನಾನು ಇದರಲ್ಲಿ ಒಬ್ಬನೇ ಹಾರಬೇಕಲ್ಲ" ಎಂದು ಹೇಳಿ. ಒಳ್ಳೆಯ ಶಾಲೆ ನಕ್ಕು ಪುಸ್ತಕ ತಂದಿಡುತ್ತದೆ. ತಾರಮ್ಮಯ್ಯ ಆಡಿಸುವ ಶಾಲೆಯಿದ್ದರೆ ಮುಂದಿನ ಹೆಜ್ಜೆಗಳ ಶ್ರಮವೇ ನಿಮಗೆ ಉಳಿಯಿತು.

ಪುಸ್ತಕದಲ್ಲಿ ಮೊದಲು ನೋಡಬೇಕಾದ್ದು ಎಂಜಿನ್ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವ ಕೆಲಸ, ಆಗಿ ಎಷ್ಟು ಗಂಟೆಯಾಯಿತು, ಎಷ್ಟು ವರ್ಷವಾಯಿತು ಎಂಬುದು. 152ರ ಲೈಕಮಿಂಗ್ ಒ-235ಕ್ಕೆ ತಯಾರಕರು ಸೂಚಿಸುವ ಅವಧಿ ಸಾಮಾನ್ಯವಾಗಿ 2,400 ಗಂಟೆ. 150ರ ಕಾಂಟಿನೆಂಟಲ್ ಒ-200ಕ್ಕೆ 1,800. ಗಂಟೆ ತುಂಬದಿದ್ದರೂ ಹನ್ನೆರಡು ವರ್ಷಕ್ಕೊಮ್ಮೆ ಓವರ್‌ಹಾಲ್ ಮಾಡಿಸಿ ಎಂಬ ಸಲಹೆಯೂ ಎರಡಕ್ಕಿದೆ. ಅವಧಿಯ ಕೊನೆಗೆ ಬಂದ ಎಂಜಿನ್ ಅಪಾಯವೆಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಪಾಠಗಳ ನಡುವೆಯೇ ಅದನ್ನು ಓವರ್‌ಹಾಲ್‌ಗೆಂದು ಬಿಚ್ಚಿ ಕಳಿಸಿ, ವಿಮಾನ ಎರಡು ಮೂರು ತಿಂಗಳು ಮೂಲೆ ಹಿಡಿಯುವ ಸಂಭವವಿದೆ.

ಆಮೇಲೆ ಸಿಲಿಂಡರ್ ಒತ್ತಡದ ಪರೀಕ್ಷೆಯ ಅಂಕಿಗಳು. 80ರ ಒತ್ತಡದ ಗಾಳಿ ಕೊಟ್ಟಾಗ ಸಿಲಿಂಡರ್ ಎಷ್ಟನ್ನು ಹಿಡಿದಿಡುತ್ತದೆ ಎಂದು 74/80, 76/80 ಎಂಬಂತೆ ಬರೆದಿರುತ್ತಾರೆ. ಒಂದೇ ಸಲದ ಅಂಕಿಗಿಂತ ನಾಲ್ಕೈದು ಪರೀಕ್ಷೆಗಳ ಸಾಲು ಹೆಚ್ಚು ಮಾತನಾಡುತ್ತದೆ. ನಾಲ್ಕು ಸಿಲಿಂಡರ್‌ಗಳಲ್ಲಿ ಮೂರು 75ರಲ್ಲಿ ನಿಂತು, ಒಂದು ಮಾತ್ರ 72, 67, 61 ಎಂದು ಜಾರುತ್ತಿದ್ದರೆ ಅದರ ಕಥೆ ಮುಗಿಯುತ್ತ ಬಂದಿದೆ.

ಎ.ಡಿ. ಎಂದು ಕರೆಯುವ ಕಡ್ಡಾಯ ನಿರ್ದೇಶನಗಳ ಪಟ್ಟಿ ಬೇರೆಯಾಗಿಯೇ ಇರುತ್ತದೆ. ಪ್ರತಿಯೊಂದರ ಎದುರು ದಿನಾಂಕವೂ ಸಹಿಯೂ ಇರಬೇಕು. ಹಳೆಯ ವಿಮಾನಕ್ಕೆ ಇಂಥವು ಬಹಳ ಇರುತ್ತವೆ. ಪಟ್ಟಿ ಉದ್ದವಾಗಿದೆ ಎಂದು ಹೆದರಬೇಡಿ. ಅರವತ್ತು ವರ್ಷಗಳಲ್ಲಿ ಎಲ್ಲೆಲ್ಲಿ ಏನೇನು ಕೆಡುತ್ತದೆ ಎಂದು ಜಗತ್ತು ಕಂಡುಕೊಂಡದ್ದರ ಲೆಕ್ಕ ಅದು. ಹೊಸ ವಿಮಾನದ ಪಟ್ಟಿ ಚಿಕ್ಕದಿರಲು ಅರ್ಧ ಕಾರಣ ಅದರ ಗಟ್ಟಿತನ. ಇನ್ನರ್ಧ, ಅದರ ಕಾಯಿಲೆಗಳು ಇನ್ನೂ ಹೊರಬಿದ್ದಿಲ್ಲ.

ಕೊನೆಯದು ನನಗೆ ಬಹಳ ಪ್ರಿಯವಾದ ಪುಸ್ತಕ, ದಿನನಿತ್ಯದ ದೋಷಗಳನ್ನು ಹಾರಿದವರು ಬರೆದಿಡುವ ಹಾಳೆ. ಅಲ್ಲಿ "ಎಡ ಬ್ರೇಕ್ ಮೆತ್ತಗಿದೆ" ಎಂದು ಬರೆದ ದಿನಾಂಕಕ್ಕೂ, ಸರಿಪಡಿಸಿದ ದಿನಾಂಕಕ್ಕೂ ಎಷ್ಟು ದಿನದ ಅಂತರವಿದೆ ನೋಡಿ. ಎರಡು ದಿನವೇ, ಐದು ವಾರವೇ? ಅದೇ ದೂರು ಬೇರೆ ಬೇರೆ ಕೈಬರಹದಲ್ಲಿ ನಾಲ್ಕು ಸಲ ಕಾಣಿಸಿಕೊಂಡರೆ ವಿಮಾನ ಹಳೆಯದೇ ಹೊಸದೇ ಎಂಬ ಚರ್ಚೆ ಅಲ್ಲಿಗೆ ಮುಗಿಯಿತು. ಹಾಳೆ ಪೂರ್ತಿ ಖಾಲಿಯಿದ್ದರೂ ಅನುಮಾನವಿರಲಿ. ವಾರಕ್ಕೆ ಹದಿನೈದು ಗಂಟೆ ಕಲಿಯುವವರ ಕೈಯಲ್ಲಿ ಹಾರುವ ಯಂತ್ರದಲ್ಲಿ ಏನೂ ಕೆಡುವುದಿಲ್ಲ ಎಂದರೆ, ಯಾರೂ ಬರೆಯುತ್ತಿಲ್ಲ ಎಂದೇ ಅರ್ಥ.

ಹೆಜ್ಜೆ 5: ವಿಮಾನದ ಸುತ್ತ ಒಮ್ಮೆ, ಒಳಗೆ ಒಮ್ಮೆ

ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತು ಹೊಸದಾಗಿ ಬಣ್ಣ ಬಳಿಸಿಕೊಂಡ ಹಳೆಯ ವಿಮಾನಗಳಿಗೆ ಹೇಳಿ ಮಾಡಿಸಿದಂತಿದೆ. ಹಾಗಾಗಿ ಬಣ್ಣದ ಮೇಲೆ ಕಣ್ಣಿಡಬೇಡಿ. ಟೈರುಗಳು, ಬ್ರೇಕ್ ಕೊಳವೆಯ ಕೆಳಗೆ ಎಣ್ಣೆಯ ಹನಿ, ಬಾಗಿಲಿನ ಅಂಚಿನ ರಬ್ಬರ್, ಇಂಧನ ಟ್ಯಾಂಕಿನ ಮುಚ್ಚಳ ಇವನ್ನು ನೋಡಿ. ಮುಚ್ಚಳದ ರಬ್ಬರ್ ಸೀಳಿದ್ದರೆ ಮಳೆನೀರು ನೇರವಾಗಿ ಟ್ಯಾಂಕಿಗಿಳಿಯುತ್ತದೆ. ಅಂದಹಾಗೆ 1996ರ ನಂತರದ 172ಗಳಲ್ಲಿ ಇಂಧನದ ಮಾದರಿ ತೆಗೆದು ನೀರಿದೆಯೇ ಎಂದು ನೋಡಲು 13 ಕಡೆ ಸಣ್ಣ ಕವಾಟಗಳಿವೆ. ಬೆಳಗಿನ ಚಳಿಯಲ್ಲಿ ಹದಿಮೂರನ್ನೂ ಮುಗಿಸುವಷ್ಟರಲ್ಲಿ ಬೆರಳು ಮರಗಟ್ಟುತ್ತದೆ. ಹಳೆಯದರಲ್ಲಿ ಮೂರು ನಾಲ್ಕರಲ್ಲಿ ಕೆಲಸ ಮುಗಿಯುತ್ತಿತ್ತು.

ಒಳಗೆ ಎರಡು ಸಂಗತಿಗಳನ್ನು ಮಾತ್ರ ಬಿಡದೆ ನೋಡಿ. ಒಂದು, ಸೀಟಿನ ಹಳಿ. ಹಳೆಯ ಸೆಸ್ನಾಗಳಲ್ಲಿ ಸೀಟು ಹಳಿಯ ಮೇಲೆ ಜಾರಿ, ರಂಧ್ರಕ್ಕೆ ಇಳಿಯುವ ಒಂದು ಪಿನ್ನಿನಿಂದ ನಿಲ್ಲುತ್ತದೆ. ರಂಧ್ರ ಸವೆದರೆ ವಿಮಾನ ಮೇಲೇರುವ ಹೊತ್ತಿಗೆ ಸರಿಯಾಗಿ ಸೀಟು ಹಿಂದಕ್ಕೆ ಜಾರಬಹುದು. ಗಾಬರಿಯಲ್ಲಿ ಕೈ ಹಿಡಿಯುವುದು ಎದುರಿಗಿರುವ ಸ್ಟೀರಿಂಗನ್ನು, ಮೂತಿ ಆಕಾಶಕ್ಕೇಳುತ್ತದೆ. ಪ್ರಾಣ ತೆಗೆದ ದೋಷ ಇದು. 1987ರಲ್ಲೇ ಇದಕ್ಕೆ ಕಡ್ಡಾಯ ನಿರ್ದೇಶನ ಬಂದು, 2011ರಲ್ಲಿ ಹೊಸ ರೂಪ ಪಡೆಯಿತು. ಸೀಟಿನಲ್ಲಿ ಕುಳಿತು ಹಿಂದಕ್ಕೂ ಮುಂದಕ್ಕೂ ಬಲವಾಗಿ ಮೈ ದೂಡಿ ನೋಡಿ.

ಎರಡನೆಯದು ಭುಜದ ಬೆಲ್ಟ್. ಅಮೆರಿಕದಲ್ಲಿ 1978ರ ಜುಲೈ 18ರ ನಂತರ ತಯಾರಾದ ಸಣ್ಣ ವಿಮಾನಗಳ ಮುಂದಿನ ಸೀಟುಗಳಿಗೆ ಭುಜದ ಬೆಲ್ಟ್ ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನದರಲ್ಲಿ ಸೊಂಟದ ಪಟ್ಟಿ ಮಾತ್ರವಿರುವ ಸಾಧ್ಯತೆಯಿದೆ. ಯಾರಾದರೂ ಆಮೇಲೆ ಹಾಕಿಸಿದ್ದರೆ ಸರಿ. ಹಾಕಿಸದಿದ್ದರೆ ಆ ವಿಮಾನದಲ್ಲಿ ಕಲಿಯಬೇಡಿ. ಈ ಲೇಖನದಲ್ಲಿ ನಾನು ಹಟ ಹಿಡಿಯುವ ಒಂದೇ ಜಾಗ ಇದು. ಅಪಘಾತದ ಹೊತ್ತಿನ ರಕ್ಷಣೆಯ ಮಟ್ಟಿಗೆ ಹೊಸ ವಿಮಾನ ನಿಜಕ್ಕೂ ಮುಂದಿದೆ: ಆಘಾತ ಹೀರುವ ಸೀಟು, ಗಟ್ಟಿಯಾದ ಕಾಕ್‌ಪಿಟ್, ಸಿರಸ್‌ನಂಥವುಗಳಲ್ಲಿ ಇಡೀ ವಿಮಾನಕ್ಕೇ ಒಂದು ಪ್ಯಾರಾಚೂಟ್. ಹಳೆಯದರ ಅಭಿಮಾನಿಗಳು ಎಷ್ಟೇ ವಾದಿಸಿದರೂ ಇದಕ್ಕೆ ಉತ್ತರವಿಲ್ಲ.

ಹೆಜ್ಜೆ 6: ಎಂಜಿನ್ನಿನ ಸ್ವಭಾವ ತಿಳಿದುಕೊಳ್ಳಿ

ಹಳೆಯ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಇರುತ್ತದೆ. ಗಾಳಿಯಲ್ಲಿ ತೇವವಿದ್ದರೆ ಬೇಸಿಗೆಯ ದಿನವೂ ಅದರೊಳಗೆ ಮಂಜುಗಡ್ಡೆ ಕಟ್ಟಬಹುದು. ಅದನ್ನು ಗುರುತಿಸಿ, ಬಿಸಿಗಾಳಿಯ ಗುಂಡಿ ಎಳೆದು ಕರಗಿಸುವುದನ್ನು ನೀವು ಕಲಿಯಬೇಕು. ಇಂಧನವನ್ನು ಚಿಮ್ಮಿಸಿ ಕೊಡುವ ಹೊಸ ಎಂಜಿನ್ನಿಗೆ ಈ ರೋಗವಿಲ್ಲ, ಬೇರೆಯದಿದೆ. ಒಮ್ಮೆ ಹಾರಿ ಇಳಿಸಿ, ಬಿಸಿಯಿರುವಾಗಲೇ ಮತ್ತೆ ಚಾಲೂ ಮಾಡಲು ಹೊರಟರೆ ಕೊಳವೆಯಲ್ಲಿ ಇಂಧನ ಆವಿಯಾಗಿ ಎಂಜಿನ್ ಮುನಿಸಿಕೊಳ್ಳುತ್ತದೆ.

ಇಂಧನದ ವಿಷಯದಲ್ಲೂ ಹಳೆಯ ಎಂಜಿನ್ನುಗಳಿಗೆ ಒಂದು ದುಃಖವಿದೆ. ಒ-200ರಂಥವು ಹುಟ್ಟಿದ್ದು 80 ಆಕ್ಟೇನ್ ಪೆಟ್ರೋಲಿಗೆ. ಆ ಪೆಟ್ರೋಲ್ ಮಾಯವಾಗಿ ಈಗ ಸಿಗುತ್ತಿರುವ 100 ಎಲ್.ಎಲ್.ನಲ್ಲಿ ಲೀಟರಿಗೆ 0.56 ಗ್ರಾಂ ವರೆಗೆ ಸೀಸವಿರಬಹುದು, ಹಳೆಯದರ ಮಿತಿಗಿಂತ ನಾಲ್ಕು ಪಟ್ಟು. ಸೀಸದ ಸಣ್ಣ ಉಂಡೆಗಳು ಸ್ಪಾರ್ಕ್ ಪ್ಲಗ್ಗಿನಲ್ಲಿ ಕಟ್ಟಿಕೊಂಡು, ಹೊರಡುವ ಮುಂಚಿನ ಪರೀಕ್ಷೆಯಲ್ಲಿ ಎಂಜಿನ್ ಕೆಮ್ಮುತ್ತದೆ. ಮಿಕ್ಸ್ಚರ್ ಗುಂಡಿಯನ್ನು ಎಳೆದು ಇಂಧನವನ್ನು ಕಡಿಮೆ ಮಾಡಿ, ಒಂದೆರಡು ನಿಮಿಷ ಓಡಿಸಿ ಅದನ್ನು ಸುಟ್ಟುಹಾಕುವುದನ್ನು ನಾನು ಕಲಿತದ್ದು ಮೂರನೆಯ ಪಾಠದಲ್ಲಿ. ರೋಟ್ಯಾಕ್ಸ್ 912 ಸಾಧಾರಣ ಸೀಸರಹಿತ ಪೆಟ್ರೋಲಿನಲ್ಲೂ ನಡೆಯುತ್ತದೆ. ಕಂಪ್ಯೂಟರ್ ನಿಯಂತ್ರಣದ ಡೀಸೆಲ್ ಎಂಜಿನ್ನಿಗಂತೂ ಜೆಟ್ ಇಂಧನ, ಒಂದೇ ಒಂದು ಹಿಡಿ, ಮಿಕ್ಸ್ಚರ್ ಇಲ್ಲವೇ ಇಲ್ಲ. ಸುಲಭ ನಿಜ. ಆದರೆ ಅದರಲ್ಲಿ ಮಾತ್ರ ಕಲಿತವರು ಮುಂದೊಂದು ದಿನ ಹಳೆಯ ವಿಮಾನ ಬಾಡಿಗೆಗೆ ಪಡೆದಾಗ ಮಿಕ್ಸ್ಚರಿನ ಕೆಂಪು ಗುಂಡಿಯ ಮುಂದೆ ತಬ್ಬಿಬ್ಬಾಗುತ್ತಾರೆ.

ಹೊಸ ತಂತ್ರಜ್ಞಾನಕ್ಕೆ ಇನ್ನೊಂದು ಬಗೆಯ ಅಪಾಯವಿದೆ. ಡೀಸೆಲ್ ವಿಮಾನ ಎಂಜಿನ್ನುಗಳಲ್ಲಿ ಮುಂಚೂಣಿಯಲ್ಲಿದ್ದ ಜರ್ಮನಿಯ ಥೀಲರ್ಟ್ ಕಂಪನಿ 2008ರಲ್ಲಿ ದಿವಾಳಿಯ ಅರ್ಜಿ ಹಾಕಿತು. ನಿಗದಿತ ಗಂಟೆಗಳಿಗೊಮ್ಮೆ ಗೇರ್‌ಬಾಕ್ಸನ್ನು ಕಾರ್ಖಾನೆಗೇ ಕಳಿಸಬೇಕಾಗಿದ್ದ ಆ ಎಂಜಿನ್ನುಗಳ ಮಾಲೀಕರು ಬಿಡಿಭಾಗಗಳಿಗೆ ಪರದಾಡಿದರು. ವಿಮಾನ ಹೊಸದಾಗಿಯೇ ಇತ್ತು, ಹಾರುವಂತಿರಲಿಲ್ಲ. ಆದ್ದರಿಂದ ಹೊಸ ವಿಮಾನ ತೋರಿಸುವ ಶಾಲೆಗೆ ಕೇಳಿ: ಇದನ್ನು ರಿಪೇರಿ ಮಾಡಬಲ್ಲ ಎಂಜಿನಿಯರ್ ಇದೇ ನಿಲ್ದಾಣದಲ್ಲಿ ಇದ್ದಾರೆಯೇ? ಕಳೆದ ಸಲ ಬಿಡಿಭಾಗ ಬರಲು ಎಷ್ಟು ದಿನ ಹಿಡಿಯಿತು? ಫೈಬರ್ ಮೈಗೆ ಪೆಟ್ಟಾದರೆ ಯಾರು ನೋಡುತ್ತಾರೆ? ತಗಡಿನ ವಿಮಾನಕ್ಕೆ ತೇಪೆ ಹಾಕಬಲ್ಲವರು ಎಲ್ಲೆಡೆ ಇದ್ದಾರೆ, ಫೈಬರಿಗೆ ಹಾಗಲ್ಲ.

ಹೆಜ್ಜೆ 7: ಮುಳ್ಳುಗಳೋ ಪರದೆಯೋ

ಹಳೆಯ ಫಲಕದಲ್ಲಿ ಆರು ದುಂಡು ಗಡಿಯಾರಗಳು. ಅವುಗಳಲ್ಲಿ ಕೆಲವನ್ನು ನಡೆಸುವುದು ಗಾಳಿ ಹೀರುವ ಒಂದು ಪಂಪು, ಅದು ಹೇಳದೆ ಕೇಳದೆ ಸಾಯುತ್ತದೆ. ದಿಕ್ಕು ತೋರುವ ಉಪಕರಣ ಮೆಲ್ಲಗೆ ಸರಿಯುತ್ತ ಹೋಗುವುದರಿಂದ ಕಾಲು ಗಂಟೆಗೊಮ್ಮೆ ಕಂಪಾಸ್ ನೋಡಿ ತಿದ್ದಬೇಕು. 2004ರ ಸುಮಾರಿಗೆ ಗಾರ್ಮಿನ್ ಜಿ 1000 ಬಂದ ಮೇಲೆ ಇದೆಲ್ಲ ಎರಡು ಪರದೆಗಳಿಗೆ ಇಳಿಯಿತು. ನಕಾಶೆ, ಹವಾಮಾನ, ಎಂಜಿನ್ನಿನ ಉಷ್ಣಾಂಶ ಎಲ್ಲವೂ ಕಣ್ಣೆದುರು.

ಇಷ್ಟು ಮಾಹಿತಿ ಸಿಕ್ಕ ಮೇಲೆ ಅಪಘಾತ ಕಡಿಮೆಯಾಗಬೇಕಿತ್ತಲ್ಲ? ಅಪಘಾತಗಳ ತನಿಖೆ ಮಾಡುವ ಅಮೆರಿಕದ ಎನ್.ಟಿ.ಎಸ್.ಬಿ. ಸಂಸ್ಥೆ 2002ರಿಂದ 2006ರ ನಡುವೆ ತಯಾರಾದ 8,000ಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ಅಧ್ಯಯನ ಮಾಡಿ 2010ರಲ್ಲಿ ವರದಿ ಕೊಟ್ಟಿತು. ಪರದೆಯಿರುವ ವಿಮಾನಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಡಿಮೆಯಿತ್ತು, ಪ್ರಾಣಹಾನಿಯ ಅಪಘಾತದ ಪ್ರಮಾಣ ಹೆಚ್ಚಿತ್ತು. ಒಟ್ಟಿನಲ್ಲಿ ಸುರಕ್ಷತೆ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಪರದೆಯ ವಿಮಾನಗಳು ಹೆಚ್ಚಾಗಿ ದೂರ ಪ್ರಯಾಣಕ್ಕೂ, ಮುಳ್ಳಿನವು ಹೆಚ್ಚಾಗಿ ತರಬೇತಿಗೂ ಬಳಕೆಯಾಗುತ್ತಿದ್ದವು ಎಂಬುದನ್ನೂ ನೆನಪಿಡಬೇಕು. ಆದರೂ "ಪರದೆಯಿದೆ, ಆದ್ದರಿಂದ ಸುರಕ್ಷಿತ" ಎನ್ನುವ ಶಾಲೆಯ ಜಾಹೀರಾತಿಗೆ ಈ ವರದಿ ಬೆಂಬಲ ಕೊಡುವುದಿಲ್ಲ.

ಮೊದಲ ಇಪ್ಪತ್ತು ಗಂಟೆಗಳಲ್ಲಿ ನೀವು ಕಲಿಯುವುದು ಕಿಟಕಿಯ ಹೊರಗೆ ನೋಡುವುದನ್ನು: ದಿಗಂತ ಮೂತಿಯಿಂದ ಎಷ್ಟು ಮೇಲಿದೆ, ರನ್‌ವೇ ಅಗಲವಾಗುತ್ತಿದೆಯೇ ಕಿರಿದಾಗುತ್ತಿದೆಯೇ. ಪರದೆ ಕಣ್ಣನ್ನು ಒಳಗೆಳೆಯುತ್ತದೆ. ಹೊಸ ವಿಮಾನದಲ್ಲೇ ಕಲಿಯುತ್ತಿದ್ದರೆ, ಮೊದಲ ಪಾಠಗಳಲ್ಲಿ ಪರದೆಯನ್ನು ಮಂಕು ಮಾಡಿಡಿ ಎಂದು ಬೋಧಕರಿಗೆ ನೀವೇ ಹೇಳಿ. ಮುಳ್ಳಿನಿಂದ ಪರದೆಗೆ ಹೋಗುವುದು ಕೆಲವು ದಿನಗಳ ಕೆಲಸ. ಪರದೆಯಿಂದ ಮುಳ್ಳಿಗೆ ಬರುವವರು ಪಡುವ ಪಾಡನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ.

ಹೆಜ್ಜೆ 8: ಗಂಟೆಯ ಬಾಡಿಗೆಯನ್ನು ಬಿಟ್ಟು ಒಟ್ಟು ಖರ್ಚು ನೋಡಿ

ಹಳೆಯದರ ಗಂಟೆಯ ಬಾಡಿಗೆ 100 ಎಂದೂ ಹೊಸದರದ್ದು 130 ಎಂದೂ ಇಟ್ಟುಕೊಳ್ಳಿ. ನಿಯಮ ಕೇಳುವುದು ಕನಿಷ್ಠ 40 ಅಥವಾ 45 ಗಂಟೆ; ಬಹುಪಾಲು ಜನರಿಗೆ ಅಷ್ಟರಲ್ಲಿ ಮುಗಿಯುವುದಿಲ್ಲ. ಹಳೆಯದರಲ್ಲಿ 65 ಗಂಟೆ ಬೇಕಾದರೆ 6,500. ಹೊಸದು ಇದಕ್ಕೆ ಸರಿಗಟ್ಟಬೇಕಾದರೆ 50 ಗಂಟೆಯಲ್ಲಿ ಮುಗಿಯಬೇಕು. ಅಂದರೆ ಹೊಸ ವಿಮಾನ ನಿಮಗೆ 15 ಗಂಟೆ ಉಳಿಸಿಕೊಡಬೇಕು. ವಿಮಾನ ಹೊಸದೆಂಬ ಒಂದೇ ಕಾರಣಕ್ಕೆ ಯಾರೂ ಅಷ್ಟು ಬೇಗ ಕಲಿಯುವುದಿಲ್ಲ.

ಆದರೆ ಹಳೆಯದು ಪದೇ ಪದೇ ಹ್ಯಾಂಗರ್ ಸೇರಿದರೆ ಲೆಕ್ಕ ಬದಲಾಗುತ್ತದೆ. ಮೂರು ವಾರ ಬಿಟ್ಟು ಹಾರಿದಾಗ ಹಿಂದಿನ ಪಾಠದ ಅರ್ಧ ಮರೆತಿರುತ್ತದೆ. ಮರೆತದ್ದನ್ನು ಮತ್ತೆ ಕಲಿಯುವ ಗಂಟೆಗೂ ಬಾಡಿಗೆ ಅಷ್ಟೇ. ನನ್ನದೇ ಉದಾಹರಣೆ ಹೇಳುವುದಾದರೆ, ಒಂಟಿ ಹಾರಾಟಕ್ಕೆ ಇನ್ನೆರಡು ಪಾಠ ಉಳಿದಿದ್ದಾಗ ವಿಮಾನದ ಸಿಲಿಂಡರ್ ಒಂದು ಕೈಕೊಟ್ಟಿತು. ಐದು ವಾರ ಕಾದೆ. ಮರಳಿ ಕುಳಿತಾಗ ಆ ಎರಡು ಪಾಠ ಆರಾದವು.

ಹಾಗಾಗಿ ಶಾಲೆಯಲ್ಲಿ ಅದೇ ಮಾದರಿಯ ವಿಮಾನಗಳು ಎಷ್ಟಿವೆ ಎಂಬುದನ್ನು ಕೇಳಿ. ತಿಂಗಳಿಗೆ 60 ಗಂಟೆ ಹಾರುವ ವಿಮಾನಕ್ಕೆ 100 ಗಂಟೆಯ ತಪಾಸಣೆ ಏಳು ವಾರಕ್ಕೊಮ್ಮೆ ಬರುತ್ತದೆ. ಒಂದೇ ಹೊಸ ವಿಮಾನವಿರುವ ಶಾಲೆಗಿಂತ ನಾಲ್ಕು ಹಳೆಯ 152ಗಳಿರುವ ಶಾಲೆ ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಹೆಜ್ಜೆ 9: ಎರಡರಲ್ಲೂ ಒಂದೊಂದು ಪಾಠ

ಸಾಧ್ಯವಾದರೆ ಒಂದೇ ದಿನ, ಒಬ್ಬರೇ ಬೋಧಕರ ಜೊತೆ, ಒಂದೇ ಪಾಠವನ್ನು ಎರಡರಲ್ಲೂ ಮಾಡಿ: ನೇರ ಹಾರಾಟ, ನಿಧಾನದ ತಿರುವು, ಎರಡು ಇಳಿಕೆ. ಸೀಟಿನಲ್ಲಿ ಕುಳಿತಾಗ ಮೂತಿಯಾಚೆಗೆ ಕಾಣುತ್ತದೆಯೇ, ಪೆಡಲಿಗೆ ಕಾಲು ಪೂರ್ತಿ ಎಟುಕುತ್ತದೆಯೇ, ಹೆಡ್‌ಸೆಟ್ಟಿನಲ್ಲಿ ಬೋಧಕರ ಮಾತು ಸ್ಪಷ್ಟವಾಗಿದೆಯೇ ಎಂಬ ಸಣ್ಣ ಸಂಗತಿಗಳೇ ಐವತ್ತು ಗಂಟೆ ನಿಮ್ಮನ್ನು ಕಾಡುವುದು. ಗಾಜಿನ ಗುಮ್ಮಟವಿರುವ ಹೊಸ ವಿಮಾನಗಳಲ್ಲಿ ನೋಟ ಅದ್ಭುತ, ಬಿಸಿಲಿನಲ್ಲಿ ನೆಲದ ಮೇಲೆ ಕಾಯುವುದು ಮಾತ್ರ ಒಲೆಯೊಳಗೆ ಕುಳಿತಂತೆ. ಹಗುರ ವಿಮಾನ ಅಡ್ಡಗಾಳಿಗೆ ಹೆಚ್ಚು ಕುಣಿಯುತ್ತದೆ. ಸ್ವಲ್ಪ ಗಾಳಿಯಿರುವ ದಿನವನ್ನೇ ಆರಿಸಿಕೊಂಡರೆ ಅದೂ ತಿಳಿಯುತ್ತದೆ.

ಇಳಿದ ಮೇಲೆ ಕಚೇರಿಗೆ ಹೋಗಿ ಮುಂದಿನ ಎರಡು ವಾರಗಳ ಬುಕಿಂಗ್ ಪಟ್ಟಿ ಕೇಳಿ. ಗಾಳಿ ಶಾಂತವಾಗಿರುವ ಬೆಳಗಿನ ಹೊತ್ತಿನಲ್ಲಿ, ಅದೇ ಬೋಧಕರೊಂದಿಗೆ, ವಾರಕ್ಕೆ ಮೂರು ಸಲ ಯಾವ ವಿಮಾನ ಸಿಗುತ್ತದೋ ಅದರಲ್ಲಿ ಹೆಸರು ಬರೆಸಿ. ರಿಯಾಯಿತಿ ಕೊಡುತ್ತೇವೆ ಎಂದರೂ ಮೊದಲ ಹತ್ತು ಗಂಟೆಗಿಂತ ಹೆಚ್ಚಿನ ಹಣವನ್ನು ಮುಂಗಡವಾಗಿ ಕಟ್ಟಬೇಡಿ.